ಅಳಿಯಿತೆಂದ ಜೀವಿ ಮರಳಿ ಕಂಡಾಗ

ವರ್ಷಕ್ಕೆ ಒಂದೆರಡು ಬಾರಿಯಾದರೂ ವೃತ್ತಪತ್ರಿಕೆಗಳಲ್ಲಿ ಇಂಥದೊಂದು ವಾರ್ತೆ ಕಾಣಿಸಿಕೊಳ್ಳುತ್ತದೆ. ಯಾವುದೋ ಒಂದು ಹಕ್ಕಿ, ಕಪ್ಪೆ ಅಥವಾ ಕೀಟ ಈ ಭೂಮಿಯಿಂದ ಅಳಿದೇ ಹೋಯಿತೆಂದು ಬಲ್ಲವರು ಭಾವಿಸಿದ್ದರು. ಎಷ್ಟೋ ದಶಕಗಳ ತರುವಾಯ ಅದು ಮರಳಿ ಕಣ್ಣಿಗೆ ಬಿದ್ದಿತು ಎಂಬುದು ಅದರ ಸಾರಾಂಶ. ಓದಿದವರು ಕ್ಷಣಕಾಲ ಸೋಜಿಗಪಟ್ಟು ಪುಟ ಮಗುಚುತ್ತಾರೆ. ಅಲ್ಲಿಗೆ ಆ ಜೀವಿಯ ಕಥೆ ಸುಖಾಂತವಾಯಿತೆಂಬ ಭಾವನೆ ಮನಸ್ಸಿನಲ್ಲಿ ಉಳಿಯುತ್ತದೆ. ಈ ಭಾವನೆ ಸರಿಯಲ್ಲವೆಂಬುದೂ, ಇಂಥ ಮರುದರ್ಶನಗಳಿಂದ ಒಂದು ಶಾಲೆ ಕಲಿಯಬೇಕಾದ ಪಾಠವುಂಟೆಂಬುದೂ ಈ ಲೇಖನದ ಅಭಿಪ್ರಾಯ. ನಿದರ್ಶನಕ್ಕೆ ನಾನು ಆರಿಸಿಕೊಂಡಿರುವುದು ನಮ್ಮ ಕೆರೆಕಟ್ಟೆಗಳ ಮೇಲೆ ಹಾರಾಡುವ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ, ಇಂಗ್ಲಿಷಿನವರು ಡ್ರ್ಯಾಗನ್‌ಫ್ಲೈ ಎನ್ನುವ ಕೀಟವನ್ನು.

ವ್ಯಾಕರಣ ಛಂದಸ್ಸುಗಳ ಪಾಠ ಹೇಳುವವನಿಗೆ ಹುಳುಹುಪ್ಪಟೆಗಳ ಗೊಡವೆ ಏತಕ್ಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ನಿಘಂಟಿನಲ್ಲಿದೆ. ಹಳೆಯ ಕಾವ್ಯದ ಪಾಠ ನಡೆಯುತ್ತಿರುವಾಗ ಅಪರಿಚಿತವಾದೊಂದು ಶಬ್ದ ಎದುರಾಗುತ್ತದೆ. ವಿದ್ಯಾರ್ಥಿ ಅರ್ಥ ಕೇಳುತ್ತಾನೆ. ನಿಘಂಟನ್ನು ತೆರೆದರೆ ‘ಒಂದು ಬಗೆಯ ಹಕ್ಕಿ’, ‘ಒಂದು ಜಾತಿಯ ಮರ’, ‘ಒಂದು ಬಗೆಯ ಹುಳು’ ಎಂದಿರುತ್ತದೆ. ಯಾವ ಬಗೆಯದು, ಯಾವ ಜಾತಿಯದು ಎಂಬುದು ಕವಿಗೆ ಗೊತ್ತಿತ್ತು, ಅವನ ಕೇಳುಗರಿಗೂ ಗೊತ್ತಿತ್ತು. ನಡುವೆ ಯಾವುದೋ ಕಾಲದಲ್ಲಿ ಬಲ್ಲವರ ಸಾಲು ಕಡಿದುಹೋಯಿತು. ಶಬ್ದ ಓಲೆಯ ಮೇಲೆ ಉಳಿಯಿತು. ಶಬ್ದ ತೋರಿಸುತ್ತಿದ್ದ ಜೀವಿ ನಮ್ಮ ಅರಿವಿನಿಂದ ಜಾರಿತು. ‘ಒಂದು ಬಗೆಯ’ ಎಂಬ ಎರಡು ಮಾತುಗಳು ನಿಘಂಟುಕಾರನ ದೋಷವಲ್ಲ. ನಾಡಿನ ಮರೆವಿನ ಗುರುತು. ಹೆಸರೂ ಗುರುತೂ ಇಲ್ಲದ ವಸ್ತು ಕಳೆದುಹೋದರೆ ಕಳೆದುಹೋದುದೂ ತಿಳಿಯುವುದಿಲ್ಲ.

ಏರೋಪ್ಲೇನ್ ಚಿಟ್ಟೆ ಎಂಬ ಹೆಸರನ್ನೇ ನೋಡಿರಿ. ಮೊದಲನೆಯದಾಗಿ ಅದು ಚಿಟ್ಟೆಯಲ್ಲ; ಚಿಟ್ಟೆಯ ಕುಲವೇ ಬೇರೆ, ಇದರ ಕುಲವೇ ಬೇರೆ. ಎರಡನೆಯದಾಗಿ, ಮನುಷ್ಯನ ವಿಮಾನ ಮೊದಲು ಹಾರಿದ್ದು ೧೯೦೩ರಲ್ಲಿ. ಈ ಕೀಟದ ಬಂಧುಗಳಾದ ಪುರಾತನ ಜೀವಿಗಳಾದರೋ ಸುಮಾರು ೩೦ ಕೋಟಿ ವರ್ಷಗಳ ಹಿಂದೆಯೇ ಹಾರುತ್ತಿದ್ದವೆಂಬುದಕ್ಕೆ ಕಲ್ಲಿನಲ್ಲಿ ಅಚ್ಚೊತ್ತಿದ ಸಾಕ್ಷ್ಯವಿದೆ. ಅವುಗಳಲ್ಲಿ ಕೆಲವಕ್ಕೆ ರೆಕ್ಕೆಯ ಹರವು ಎರಡು ಅಡಿಗೂ ಮೀರಿತ್ತು. ಅಷ್ಟು ಹಳೆಯ ಜೀವಿಗೆ ನಿನ್ನೆ ಮೊನ್ನೆ ಬಂದ ಯಂತ್ರದ ಹೆಸರು ಅಂಟಿದೆಯೆಂದರೆ, ಅದಕ್ಕೂ ಹಿಂದೆ ನಮ್ಮ ಹಿರಿಯರು ಕರೆಯುತ್ತಿದ್ದ ಹೆಸರುಗಳನ್ನು ಹೊಸ ಹೆಸರು ಪಕ್ಕಕ್ಕೆ ಸರಿಸಿದೆ ಎಂದಾಯಿತು. ಮಕ್ಕಳ ಮೇಲೆ ತಪ್ಪು ಹೊರಿಸುವಂತಿಲ್ಲ. ಕಂಡದ್ದನ್ನು ತಮಗೆ ತಿಳಿದುದಕ್ಕೆ ಹೋಲಿಸಿ ಹೆಸರಿಡುವುದು ಭಾಷೆಯ ಸಹಜ ಧರ್ಮ. ಆದರೆ ಹಳೆಯ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳದಿರುವುದು ದೊಡ್ಡವರ ಉದಾಸೀನ.

ಈ ಕೀಟದ ಬದುಕನ್ನು ತಿಳಿದರೆ ಮುಂದಿನ ಮಾತು ಸ್ಪಷ್ಟವಾದೀತು. ತಾಯಿ ನೀರಿನಲ್ಲಿ, ನೀರಂಚಿನ ಕೆಸರಿನಲ್ಲಿ ಅಥವಾ ನೀರುಗಿಡದ ಕಾಂಡದೊಳಗೆ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿಗೆ ರೆಕ್ಕೆಯಿಲ್ಲ. ಅದು ನೀರೊಳಗೇ ಉಸಿರಾಡಿ, ನೀರೊಳಗೇ ಬೇಟೆಯಾಡಿ ಬೆಳೆಯುತ್ತದೆ. ಮಡಚಿಟ್ಟ ಕೆಳದುಟಿಯನ್ನು ಕೈಯಂತೆ ಮುಂದಕ್ಕೆ ಚಾಚಿ ಸೊಳ್ಳೆಯ ಮರಿಗಳನ್ನೂ ಇತರ ಕಿರುಜೀವಿಗಳನ್ನೂ ಹಿಡಿದು ತಿನ್ನುತ್ತದೆ. ಹಲವು ಬಾರಿ ಪೊರೆ ಕಳಚಿ, ಕೊನೆಗೆ ಒಂದು ದಿನ ಜೊಂಡಿನ ಕಡ್ಡಿಯನ್ನೋ ಕಲ್ಲನ್ನೋ ಹಿಡಿದು ಮೇಲೆ ಬಂದು, ಬೆನ್ನು ಸೀಳಿಕೊಂಡು ರೆಕ್ಕೆಯ ಜೀವಿಯಾಗಿ ಹೊರಡುತ್ತದೆ. ಕೆಲವು ಬಗೆಗಳಲ್ಲಿ ಈ ಜಲವಾಸ ಒಂದೆರಡು ತಿಂಗಳು. ಇನ್ನು ಕೆಲವುಗಳಲ್ಲಿ ನಾಲ್ಕೈದು ವರ್ಷ. ನಾವು ಕಾಣುವ ಹಾರಾಟ ಅದರ ಆಯುಸ್ಸಿನ ಕಡೆಯ ಅಧ್ಯಾಯ ಮಾತ್ರ. ಆದುದರಿಂದ ಗಾಳಿಯಲ್ಲಿ ಈ ಕೀಟ ಕಾಣುತ್ತದೆಯೆಂದರೆ, ಹತ್ತಿರದಲ್ಲೋ ದೂರದಲ್ಲೋ ಒಂದು ನೀರು ಬದುಕಿಗೆ ಯೋಗ್ಯವಾಗಿ ಉಳಿದಿದೆಯೆಂದು ಅರ್ಥ. ನೀರು ಕೆಟ್ಟರೆ ಮೊದಲು ಕೆಡುವ ಬಾಳುಗಳಲ್ಲಿ ಇದರದೂ ಒಂದು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ೨೦೨೧ರ ಡಿಸೆಂಬರಿನಲ್ಲಿ ಜಗತ್ತಿನ ೬,೦೧೬ ಬಗೆಯ ಈ ಕುಲದ ಕೀಟಗಳನ್ನು ಪರಿಶೀಲಿಸಿ, ನೂರಕ್ಕೆ ೧೬ರಷ್ಟು ಅಳಿವಿನ ಅಂಚಿನತ್ತ ಸಾಗಿವೆಯೆಂದು ಹೇಳಿತು. ಜೌಗುನೆಲ, ಕೆರೆ, ತೊರೆಗಳ ನಾಶವನ್ನೇ ಅದು ಮುಖ್ಯ ಕಾರಣವಾಗಿ ಎತ್ತಿ ತೋರಿಸಿತು.

ನಮ್ಮ ದೇಶದ ಈ ಕೀಟಗಳನ್ನು ಕುರಿತು ಅಧಿಕಾರವಾಣಿಯಿಂದ ಬರೆದವನು ಎಫ್. ಸಿ. ಫ್ರೇಸರ್. ೧೮೮೦ರಲ್ಲಿ ಹುಟ್ಟಿ ೧೯೬೩ರಲ್ಲಿ ತೀರಿಕೊಂಡ ಈತ ವೃತ್ತಿಯಿಂದ ಸೈನ್ಯದ ವೈದ್ಯ. ಕೊಡಗು, ನೀಲಗಿರಿ, ಮಲಬಾರುಗಳ ಹೊಳೆಹಳ್ಳಗಳನ್ನು ಸುತ್ತಿ, ಕಂಡ ಒಂದೊಂದು ಕೀಟದ ರೆಕ್ಕೆಯ ನರವನ್ನೂ ಮೈಯ ಪಟ್ಟೆಯನ್ನೂ ವರ್ಣಿಸಿ ೧೯೩೩, ೧೯೩೪ ಮತ್ತು ೧೯೩೬ರಲ್ಲಿ ಮೂರು ಸಂಪುಟಗಳನ್ನು ಹೊರತಂದನು. ಇಂದಿಗೂ ಈ ವಿಷಯದ ಅಭ್ಯಾಸಿಗಳು ಅವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ. ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಅವನು ೧೯೨೬ರಲ್ಲಿ ಹೆಸರಿಟ್ಟ ಒಂದು ಕೀಟ ‘ಬರ್ಮಾಗೊಂಫಸ್ ಕಾವೇರಿಕಸ್’. ಲ್ಯಾಟಿನ್ ಪ್ರತ್ಯಯ ಹಚ್ಚಿಕೊಂಡ ನಮ್ಮ ಕಾವೇರಿಯೇ ಅಲ್ಲಿದ್ದಾಳೆ. ೧೯೨೪ರಲ್ಲಿ ಅವನು ಹೆಸರಿಸಿದ ಇನ್ನೊಂದು ‘ಅಪಿಕಾಲಿಸ್’, ಅಂದರೆ ತುದಿಯದು. ರೆಕ್ಕೆಗಳ ತುದಿ ಕಪ್ಪಾಗಿರುವುದರಿಂದ ಆ ಹೆಸರು. ಅದೂ ಕಾವೇರಿಯ ದಡವನ್ನು ಆಶ್ರಯಿಸಿದ ಜೀವಿಯೇ. ಪರದೇಶದ ವೈದ್ಯನೊಬ್ಬನು ನೂರು ವರ್ಷಗಳ ಹಿಂದೆ ದಿನ, ಸ್ಥಳ, ಲಕ್ಷಣಗಳನ್ನು ಬರೆದಿಟ್ಟದ್ದರಿಂದಲೇ ಇಂದು ಒಬ್ಬ ಹುಡುಗನು ಕುಶಾಲನಗರದ ಬಳಿ ನದಿಯಂಚಿನಲ್ಲಿ ನಿಂತು, ‘ಇದು ಇನ್ನೂ ಇದೆಯೇ?’ ಎಂದು ಕೇಳಲು ಸಾಧ್ಯ. ಬರಹವಿಲ್ಲದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇನ್ನು ಅಳಿಯಿತೆಂದು ತಿಳಿದು ಮರಳಿ ಕಂಡವುಗಳ ವಿಚಾರ. ನಾಲ್ಕು ಉದಾಹರಣೆಗಳು ಸಾಕು. ನಾಲ್ಕರ ಪಾಠವೂ ಬೇರೆ ಬೇರೆ.

ಮೊದಲನೆಯದು ಇಂಗ್ಲೆಂಡಿನದು. ಸೂಜಿಯಂತೆ ತೆಳುವಾದ ಮೈಯ, ಕುಳಿತಾಗ ರೆಕ್ಕೆ ಮಡಚಿಕೊಳ್ಳುವ ಒಳಬಗೆಗೆ ಸೇರಿದ ಡೇಂಟಿ ಡ್ಯಾಮ್ಸೆಲ್‌ಫ್ಲೈ ಎಂಬ ನೀಲಿ ಕೀಟ ಅಲ್ಲಿನ ಎಸೆಕ್ಸ್ ಪ್ರಾಂತದ ಕೊಳಗಳಲ್ಲಿತ್ತು. ೧೯೫೩ರ ಜನವರಿಯ ಕಡೆಯಲ್ಲಿ ಸಮುದ್ರ ಉಕ್ಕಿ ತಡೆಗೋಡೆಗಳು ಒಡೆದು ಉಪ್ಪುನೀರು ನುಗ್ಗಿತು. ಕೀಟ ಕಣ್ಮರೆಯಾಯಿತು. ಅರ್ಧ ಶತಮಾನಕ್ಕೂ ಮಿಕ್ಕಿದ ಬಳಿಕ, ೨೦೧೦ರಲ್ಲಿ, ಕೆಂಟ್ ಪ್ರಾಂತದಲ್ಲಿ ಅದು ಮತ್ತೆ ಕಂಡಿತು. ಯುರೋಪಿನ ಇತರ ಭಾಗಗಳಲ್ಲಿ ಅದು ಎಂದೂ ಅಳಿದಿರಲಿಲ್ಲ. ಒಂದು ನಾಡಿನಿಂದ ಹೋದುದು ಇನ್ನೊಂದು ನಾಡಿನಲ್ಲಿ ಉಳಿದಿದ್ದರೆ, ಅದು ನೆಲೆಸಲು ತಕ್ಕ ನೀರು ಇಲ್ಲಿಯೂ ಇದ್ದರೆ, ಮರಳಿ ನೆಲೆಯೂರಬಹುದು ಎಂಬುದು ಇದರ ಪಾಠ. ಎರಡರಲ್ಲಿ ಒಂದು ತಪ್ಪಿದರೂ ಮರಳುವಿಕೆಯಿಲ್ಲ.

ಎರಡನೆಯದು ಅಮೆರಿಕದ್ದು. ಹಸುರು ಕಣ್ಣಿನ ಹೈನ್ಸ್ ಎಮರಾಲ್ಡ್ ಎಂಬ ಡ್ರ್ಯಾಗನ್‌ಫ್ಲೈ ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅಳಿದಿರಬೇಕೆಂದು ನಂಬಲಾಗಿತ್ತು. ೧೯೮೮ರಲ್ಲಿ ಅದು ಇಲಿನಾಯ್ ರಾಜ್ಯದಲ್ಲಿ ಪತ್ತೆಯಾಯಿತು. ಎಲ್ಲಿ? ಜನರು ಕಾಲಿಡದ ದಟ್ಟಡವಿಯಲ್ಲಲ್ಲ. ಶಿಕಾಗೊ ಮಹಾನಗರಕ್ಕೆ ಸಮೀಪದಲ್ಲಿ, ಕೈಗಾರಿಕೆಗಳ ನೆರೆಯಲ್ಲಿ, ಡೆಸ್ ಪ್ಲೇನ್ಸ್ ನದಿಯ ಕಣಿವೆಯ ತೆಳುನೀರಿನ ಜೌಗಿನಲ್ಲಿ. ಅಂದಿನವರೆಗೆ ಅದರ ಪಕ್ಕದಲ್ಲೇ ಎಷ್ಟೋ ಜನ ಓಡಾಡಿದ್ದರು. ೧೯೯೫ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿತು. ಆ ಕಣಿವೆಯ ಮೇಲೆ ಹಾಯ್ದು ೨೦೦೭ರಲ್ಲಿ ತೆರೆದ ಹೆದ್ದಾರಿಯ ಸೇತುವೆಯನ್ನು ಈ ಕೀಟದ ಹಾರಾಟಕ್ಕೆ ಅಡ್ಡಿಯಾಗದಷ್ಟು ಎತ್ತರಕ್ಕೆ ಕಟ್ಟಿದರು. ಕಾಣದಿದ್ದುದು ಇಲ್ಲವೆಂದಲ್ಲ ಎಂಬುದೂ, ಕಂಡ ಮೇಲೆ ಮಾಡಬೇಕಾದ ಕೆಲಸ ಬಹಳವಿದೆ ಎಂಬುದೂ ಇಲ್ಲಿನ ಪಾಠ.

ಮೂರನೆಯದು ನಮ್ಮ ನೆರೆಯ ಆಂಧ್ರದ್ದು, ಕೀಟವಲ್ಲ, ಹಕ್ಕಿ. ಜರ್ಡನ್ ಎಂಬ ವೈದ್ಯನು ೧೮೪೮ರ ಸುಮಾರಿಗೆ ಕಂಡುಹಿಡಿದ ಈ ನೆಲಗಾಮಿ ಹಕ್ಕಿ ೧೯೦೦ರ ಬಳಿಕ ಯಾವ ಪಕ್ಷಿಶಾಸ್ತ್ರಜ್ಞನ ಕಣ್ಣಿಗೂ ಬೀಳಲಿಲ್ಲ. ೧೯೮೬ರ ಜನವರಿಯಲ್ಲಿ ಮುಂಬಯಿಯ ನಿಸರ್ಗೇತಿಹಾಸ ಸಂಘದವರು ಕಡಪ ಜಿಲ್ಲೆಯ ಲಂಕಮಲದ ಕುರುಚಲು ಕಾಡಿನಲ್ಲಿ ಅದನ್ನು ಮರಳಿ ಕಂಡರು. ಅದನ್ನು ಅವರ ಕೈಗೆ ಕೊಟ್ಟವನು ಆ ಊರಿನ ಸಾಮಾನ್ಯ ಬೇಟೆಗಾರ. ತೆಲುಗಿನಲ್ಲಿ ಆ ಹಕ್ಕಿಗೆ ಕಲಿವಿಕೋಡಿ, ಅಂದರೆ ಕಲಿವಿ ಪೊದೆಯ ಕೋಳಿ, ಎಂಬ ಹೆಸರುಂಟು. ಆ ಹೆಸರಿನಲ್ಲೇ ಅದು ಬಾಳುವ ನೆಲೆ ಅಡಗಿದೆ. ಶಾಸ್ತ್ರದ ಪುಸ್ತಕವು ಸಂಶಯದಲ್ಲಿದ್ದಾಗ ಪೊದೆಗಳ ನಡುವೆ ಬಾಳಿದವನ ಅರಿವು ಸಂಶಯವಿಲ್ಲದೆ ಉಳಿದಿತ್ತು. ಮುಂದೆ ಆ ಹಕ್ಕಿಯ ಸಲುವಾಗಿ ತೆಲುಗು ಗಂಗಾ ಕಾಲುವೆಯ ಹಾದಿಯನ್ನೇ ಬದಲಿಸಬೇಕಾಗಿ ಬಂದಿತು.

ನಾಲ್ಕನೆಯದು ನಮ್ಮದೇ ಜೋಗದ್ದು, ಮತ್ತು ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಬೇಕಾದದ್ದು. ಗೇರುಸೊಪ್ಪೆಯ ಜಲಪಾತದ ತುಂತುರು ಬೀಳುವ ಬಂಡೆಗಳ ಮೇಲೆ ಒಂದು ಎಳೆಯ ಹುಲ್ಲು ಬೆಳೆಯುತ್ತಿತ್ತು. ೧೯೧೯ರಲ್ಲಿ ಸೆಜ್‌ವಿಕ್ ಮತ್ತು ಬೆಲ್ ಎಂಬವರು ಅದನ್ನು ಸಂಗ್ರಹಿಸಿದರು. ಮುಂದೆ ಬೋರ್ ಎಂಬ ಸಸ್ಯಶಾಸ್ತ್ರಜ್ಞನು ಅದಕ್ಕೆ ಹಬ್ಬಾರ್ಡಿಯ ಎಂಬ ಹೆಸರಿಟ್ಟನು. ಶರಾವತಿಯ ನೀರು ವಿದ್ಯುತ್ತಿಗಾಗಿ ತಿರುಗಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದಿತು. ಜಲಪಾತದ ಓಟವೂ ಅದರ ತುಂತುರೂ ಮೊದಲಿನಂತೆ ಉಳಿಯಲಿಲ್ಲ. ಹುಡುಕಿದವರಿಗೆ ಹುಲ್ಲು ಸಿಗದೆ, ಅಳಿದುಹೋದ ಸಸ್ಯಗಳ ಪಟ್ಟಿಗೆ ಅದು ಸೇರಿತು. ೨೦೦೨ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ ಮತ್ತು ಸಂಗಡಿಗರು ಮಹಾರಾಷ್ಟ್ರದ ತಿಲ್ಲಾರಿ ಘಟ್ಟದಲ್ಲಿ, ನೀರು ಜಿನುಗುವ ಬಂಡೆಯ ಮೇಲೆ, ಅದೇ ಹುಲ್ಲನ್ನು ಕಂಡರು. ಕಂಡು ಸುಮ್ಮನಾಗಲಿಲ್ಲ, ಬೆಳೆಸಿ, ಹೆಚ್ಚಿಸಿ, ತಕ್ಕ ನೆಲೆಗಳಲ್ಲಿ ನೆಟ್ಟರು. ಹುಲ್ಲು ಉಳಿಯಿತು, ಸಂತೋಷ. ಆದರೆ ಅದು ಮೊದಲು ಕಂಡ ಮನೆ ನಮ್ಮದು, ಮರಳಿ ಕಂಡ ಮನೆ ನೆರೆಯವರದು ಎಂಬುದನ್ನು ಮರೆಯುವಂತಿಲ್ಲ. ವಿದ್ಯುತ್ತು ಬೇಡವಿತ್ತೆಂದು ನಾನು ಹೇಳುತ್ತಿಲ್ಲ. ಆ ದೀಪದ ಬೆಳಕಿನಲ್ಲೇ ನಾವೆಲ್ಲ ಓದಿದವರು. ದೀಪದ ಬೆಲೆಯನ್ನು ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುವುದು ಪ್ರಾಮಾಣಿಕತೆ ಎಂದಷ್ಟೇ ಹೇಳುತ್ತೇನೆ.

ಇಲ್ಲಿ ಒಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿನ ಅಶೋಕನ ಶಾಸನವನ್ನು ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನು ಗುರುತಿಸಿದನು. ದೇವಾನಾಂಪ್ರಿಯನೆಂಬ ಬಿರುದಿನ ಜತೆಯಲ್ಲಿ ಅಶೋಕ ಎಂಬ ಹೆಸರನ್ನು ಮೊದಲು ಕಾಣಿಸಿದ ಶಾಸನ ಅದು. ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕುರಿಗಾಹಿಗಳು ಆ ಗುಡ್ಡದ ಸುತ್ತ ಕುರಿ ಮೇಯಿಸಿದ್ದಾರೆ. ಬಂಡೆ ತಾಳ್ಮೆಯಿಂದ ಕಾದಿತ್ತು. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಡವೋಲೆಗಳನ್ನು ಕೂಡಿಹಾಕಿ ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದಾಗಲೂ ಹಾಗೆಯೇ. ಅಟ್ಟದ ಮೇಲಿನ ಓಲೆಕಟ್ಟುಗಳು ತಲೆಮಾರುಗಳ ಕಾಲ ಅವರಿಗಾಗಿ ಕಾದಿದ್ದವು. ಗೆದ್ದಲು ಕೆಲವನ್ನು ತಿಂದಿತು, ಆದರೂ ಬಹಳವು ಕಾದವು. ಜೀವಿಯ ಮಾತು ಹಾಗಲ್ಲ. ಶಾಸನವು ಒಮ್ಮೆ ಕೆತ್ತಿದರೆ ಉಳಿದೀತು. ಕೀಟವನ್ನಾದರೋ ಪ್ರತಿಯೊಂದು ಮಳೆಗಾಲವೂ ಹೊಸದಾಗಿ ಬರೆಯಬೇಕು. ಒಂದು ವರ್ಷ ನೀರು ಬತ್ತಿದರೆ, ಒಂದು ವರ್ಷ ವಿಷ ಬೆರೆತರೆ, ಆ ಪ್ರತಿಯೇ ಕಡೆಯ ಪ್ರತಿಯಾದೀತು. ಆದುದರಿಂದ ಹಸ್ತಪ್ರತಿಯ ಮರುಶೋಧನೆಯಲ್ಲಿ ಕೆಲಸ ಮುಗಿಯಿತೆಂದು ಹೇಳುವ ಹೊತ್ತಿಗೆ, ಜೀವಿಯ ಮರುಶೋಧನೆಯಲ್ಲಿ ಕೆಲಸ ಆರಂಭವಾಗುತ್ತದೆ. ಪತ್ರಿಕೆಯ ವಾರ್ತೆ ಓದಿ ನಾವು ನೆಮ್ಮದಿ ತಾಳುವುದು ಸರಿಯಲ್ಲವೆಂದು ಆರಂಭದಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಈಗ ನಮ್ಮ ನೆಲಕ್ಕೆ ಬರೋಣ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಸೀಮೆಯನ್ನು ಶಾಸನಗಳು ಎಡೆದೊರೆ ಎಂದು ಕರೆದಿವೆ. ಎಡೆ ಎಂದರೆ ನಡು, ತೊರೆ ಎಂದರೆ ನದಿ. ಬಿಸಿಲಿಗೆ ಹೆಸರಾದ ನಾಡಿಗೆ ಪೂರ್ವಿಕರು ನೀರಿನಿಂದಲೇ ಹೆಸರಿಟ್ಟರೆಂಬುದು ಚಿಂತನೀಯ. ಮಳೆ ಕಡಿಮೆಯಾದ ಈ ಭೂಮಿಯಲ್ಲಿ ಅವರು ಕೆರೆ, ಕಟ್ಟೆ, ಬಾವಿಗಳನ್ನು ಕಟ್ಟಿ ಬಾಳಿದರು. ನಮ್ಮ ಕಾಲದಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಸಿಂಧನೂರು ಮಾನ್ವಿಗಳ ಕಡೆಗೂ, ನಾರಾಯಣಪುರದ ಬಲದಂಡೆ ಕಾಲುವೆ ಲಿಂಗಸುಗೂರು ದೇವದುರ್ಗಗಳ ಕಡೆಗೂ ನೀರು ತಂದವು. ಜೋಳ ಹತ್ತಿಗಳ ಹೊಲ ಎಷ್ಟೋ ಕಡೆ ಭತ್ತದ ಗದ್ದೆಯಾಯಿತು. ನಿಂತ ನೀರು ಹೆಚ್ಚಿತು. ಅದರ ಜತೆಗೆ ಕೀಟನಾಶಕವೂ ಹೆಚ್ಚಿತು. ಭತ್ತದ ಪೈರಿಗೆ ಕಂಟಕವಾದ ಹುಳುಗಳನ್ನು ಹಿಡಿದು ತಿನ್ನುವ ಜೀವಿಗಳಲ್ಲಿ ಡ್ರ್ಯಾಗನ್‌ಫ್ಲೈಯೂ ಒಂದು. ಶತ್ರುವಿಗೆಂದು ಸಿಂಪಡಿಸಿದ ವಿಷ ಮಿತ್ರನನ್ನೂ ಬಿಡುವುದಿಲ್ಲ.

ಕಲ್ಮಲದಂಥ ಊರಿನಲ್ಲಿ ಅಪೂರ್ವ ಕೀಟ ಏನು ದೊರೆತೀತು, ಅದೆಲ್ಲ ಮಲೆನಾಡಿನವರ ಭಾಗ್ಯ ಎಂದು ಕೆಲವರು ಹೇಳಬಹುದು. ಇದಕ್ಕೆ ನನ್ನ ಉತ್ತರ ಎರಡು. ಒಂದು: ಸಾಮಾನ್ಯವೆಂದು ನಾವು ತಿಳಿದುದರಲ್ಲೂ ಅದ್ಭುತವಿದೆ. ಮಳೆಗಾಲದ ಕೊನೆಯಲ್ಲಿ ಬಯಲ ಮೇಲೆ ಹಿಂಡುಹಿಂಡಾಗಿ ಹಾರುವ ಹಳದಿ ಬಣ್ಣದ ಕೀಟ, ಶಾಸ್ತ್ರದಲ್ಲಿ ಪಾಂಟಾಲ ಫ್ಲಾವೆಸೆನ್ಸ್ ಎನಿಸಿಕೊಂಡದ್ದು, ಮಳೆನೀರು ನಿಂತ ತಾತ್ಕಾಲಿಕ ಹೊಂಡಗಳಲ್ಲಿ ಬೇಗಬೇಗನೆ ಬೆಳೆದು ಹೊರಡುತ್ತದೆ. ಅದು ಭಾರತದಿಂದ ಮಾಲ್ಡೀವ್ ದ್ವೀಪಗಳ ಮಾರ್ಗವಾಗಿ ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕದತ್ತ ಸಾಗುತ್ತದೆಯೆಂದು ಚಾರ್ಲ್ಸ್ ಆಂಡರ್ಸನ್ ಎಂಬ ವಿಜ್ಞಾನಿ ೨೦೦೯ರಲ್ಲಿ ಪ್ರತಿಪಾದಿಸಿದನು. ಹೊಲದ ಬದುವಿನಲ್ಲಿ ನಿಂತ ನೀರು ಸಾಗರ ದಾಟುವ ಪಯಣಿಗನ ತೊಟ್ಟಿಲಾಗಬಹುದು. ಎರಡು: ಇಂದಿನ ಸಾಮಾನ್ಯವೇ ನಾಳೆಯ ಅಪೂರ್ವ. ನನ್ನ ವಯಸ್ಸಿನವರ ಬಾಲ್ಯದಲ್ಲಿ ರಣಹದ್ದು ಅಚ್ಚರಿಯ ಹಕ್ಕಿಯಾಗಿರಲಿಲ್ಲ. ಊರ ಹೊರಗೆ ಸತ್ತ ದನದ ಸುತ್ತ ಕುಳಿತಿರುತ್ತಿತ್ತು. ದನಗಳಿಗೆ ಕೊಟ್ಟ ಡೈಕ್ಲೊಫಿನಾಕ್ ಎಂಬ ಔಷಧಿಯಿಂದ ಅವು ಸಾಯುತ್ತಿವೆಯೆಂದು ತಿಳಿದು, ೨೦೦೬ರಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸುವ ಹೊತ್ತಿಗೆ, ದೇಶದಲ್ಲಿ ಅವುಗಳ ಸಂತತಿ ಬಹುತೇಕ ಬರಿದಾಗಿತ್ತು. ಎಲ್ಲೆಲ್ಲೂ ಇದ್ದುದನ್ನು ನಮ್ಮ ಊರುಗಳಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಆದ್ದರಿಂದ ಎಂದು ಹೋದವೆಂಬುದನ್ನೂ ಯಾರೂ ಹೇಳಲಾರರು.

ಇನ್ನೊಂದು ಆಕ್ಷೇಪವೂ ಬರಬಹುದು. ಕುಡಿಯುವ ನೀರಿಗೇ ತಾಪತ್ರಯಪಡುವ ಊರಿನಲ್ಲಿ, ಪರೀಕ್ಷೆಯ ಫಲಿತಾಂಶವೇ ಶಾಲೆಯ ಮಾನವಾದ ಕಾಲದಲ್ಲಿ, ಇದೆಲ್ಲ ಉಳ್ಳವರ ವಿನೋದವಲ್ಲವೇ ಎಂಬುದು ಅದು. ಆಕ್ಷೇಪದ ಹಿಂದಿನ ಕಷ್ಟ ನಿಜ. ಅದನ್ನು ಹಗುರಾಗಿ ಕಾಣಲಾಗದು. ಆದರೆ ಮನುಷ್ಯನ ನೀರು ಬೇರೆ, ಕೀಟದ ನೀರು ಬೇರೆ ಎಂದು ಎರಡು ಲೆಕ್ಕವಿಲ್ಲ. ಕೆರೆಗೆ ಚರಂಡಿ ಹರಿದರೆ, ಹೊಲದ ವಿಷ ಇಳಿದರೆ, ಕೆಡುವುದು ಇಬ್ಬರ ನೀರೂ. ವ್ಯತ್ಯಾಸವಿಷ್ಟೇ: ಕೀಟಕ್ಕೆ ಟ್ಯಾಂಕರು ಬರುವುದಿಲ್ಲ, ಆದ್ದರಿಂದ ಅದು ಮೊದಲು ಹೋಗುತ್ತದೆ. ಪರೀಕ್ಷೆಯ ಮಾತಾದರೆ, ಕಂಡದ್ದನ್ನು ಕಂಡಂತೆ, ಹೆಚ್ಚಿಸದೆ ಕುಗ್ಗಿಸದೆ ಬರೆಯುವ ಶಕ್ತಿಗಿಂತ ದೊಡ್ಡ ಭಾಷಾಶಿಕ್ಷಣ ಯಾವುದಿದೆ? ‘ಕೆರೆ ಸುಂದರವಾಗಿತ್ತು’ ಎಂದು ಬರೆಯುವ ಹುಡುಗನು, ‘ಜೊಂಡಿನ ತುದಿಯಲ್ಲಿ ಕುಳಿತ ಕೀಟದ ಹೊಟ್ಟೆಯ ಮೇಲೆ ಹತ್ತು ಪಟ್ಟೆಗಳಿದ್ದವು, ಕೊನೆಯ ಎರಡು ಕಪ್ಪು’ ಎಂದು ಬರೆಯಲು ಕಲಿತ ದಿನ ಅವನ ಕನ್ನಡವೂ ಬೆಳೆಯಿತು, ಕಣ್ಣೂ ತೆರೆಯಿತು.

ಆದುದರಿಂದ ಅಧ್ಯಾಪಕರ, ಹಳೆಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದೆ ಕೆಲವು ಸೂಚನೆಗಳನ್ನು ವಿನಯದಿಂದ ಇಡುತ್ತೇನೆ.

ಅಧ್ಯಾಪಕರಲ್ಲಿ ಕೇಳಿಕೊಳ್ಳುವುದು ಒಂದು ದಫ್ತರವನ್ನು. ದಾಖಲಾತಿಯ ಪುಸ್ತಕವನ್ನು ಎಷ್ಟು ಜೋಪಾನವಾಗಿ ಇಡುತ್ತೇವೆಯೋ ಅಷ್ಟೇ ಜೋಪಾನವಾಗಿ ‘ನೀರಿನ ದಿನಚರಿ’ ಎಂಬ ಪುಸ್ತಕವೊಂದನ್ನು ಇಡಬೇಕು. ವಾರಕ್ಕೊಮ್ಮೆ, ಅಧ್ಯಾಪಕರೊಬ್ಬರ ಕಾವಲಿನಲ್ಲಿ, ನಾಲ್ಕೈದು ವಿದ್ಯಾರ್ಥಿಗಳು ಕೆರೆಯಂಚಿನಲ್ಲಿ ಅರ್ಧ ಗಂಟೆ ನಿಂತು ಕಂಡುದನ್ನು ಬರೆಯಲಿ: ದಿನಾಂಕ, ಹೊತ್ತು, ಸ್ಥಳ, ನೀರಿನ ಮಟ್ಟ, ಕೀಟದ ಬಣ್ಣ, ಕುಳಿತ ಬಗೆ. ರೆಕ್ಕೆ ಚಾಚಿ ಕುಳಿತಿತೇ, ಮಡಚಿ ಕುಳಿತಿತೇ ಎಂಬುದರಿಂದ ಆರಂಭಿಸಿದರೂ ಸಾಕು. ಹಿಡಿಯುವುದಾಗಲಿ ಸೂಜಿ ಚುಚ್ಚಿ ಇಡುವುದಾಗಲಿ ಬೇಡ. ಚಿತ್ರ ಬರೆದುಕೊಳ್ಳಲಿ, ಅನುಕೂಲವಿದ್ದಲ್ಲಿ ಛಾಯಾಚಿತ್ರ ತೆಗೆಯಲಿ. ಮುಖ್ಯವಾಗಿ, ಏನೂ ಕಾಣದ ದಿನವೂ ‘ಹುಡುಕಿದೆವು, ಕಾಣಲಿಲ್ಲ’ ಎಂದು ಬರೆಯಬೇಕು. ಹುಡುಕದೆ ಕಾಣದಿರುವುದಕ್ಕೂ ಹುಡುಕಿ ಕಾಣದಿರುವುದಕ್ಕೂ ಅಜಗಜಾಂತರವುಂಟು. ಒಂದು ಜೀವಿ ಅಳಿಯಿತೋ ಇಲ್ಲವೋ ಎಂಬ ನಿರ್ಣಯವೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ. ಹೊಸದು ಕಂಡಿತೆಂದು ಅನಿಸಿದರೆ ಪತ್ರಿಕೆಗೆ ಓಡುವ ಮೊದಲು ಬಲ್ಲವರಿಗೆ ತೋರಿಸಬೇಕು. ಸಂಶಯವಿದ್ದಲ್ಲಿ ಸಂಶಯವೆಂದೇ ಬರೆಯಬೇಕು. ಪಾಠಾಂತರವನ್ನು ಅಡಿಯಲ್ಲಿ ಕೊಡುವ ಸಂಪಾದಕನ ನಿಷ್ಠೆ ಇಲ್ಲಿಯೂ ಸಲ್ಲುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಕೇಳುವುದು ಹೆಸರುಗಳನ್ನು. ಕಲ್ಮಲ, ಮಾನ್ವಿ, ದೇವದುರ್ಗಗಳ ಸುತ್ತಣ ಊರುಗಳಲ್ಲಿ ನಿಮ್ಮ ಮನೆಯ ಹಿರಿಯರಿದ್ದಾರೆ. ದನ ಮೇಯಿಸಿದವರು, ಮೀನು ಹಿಡಿದವರು, ಗದ್ದೆಯಲ್ಲಿ ಕಳೆ ಕಿತ್ತವರು ಇದ್ದಾರೆ. ವಿಮಾನ ಕಾಣುವ ಮೊದಲು ಈ ಹುಳುವನ್ನು ಏನೆಂದು ಕರೆಯುತ್ತಿದ್ದಿರಿ, ಕೆಂಪಿನದಕ್ಕೊಂದು ನೀಲಿಯದಕ್ಕೊಂದು ಬೇರೆ ಹೆಸರಿತ್ತೇ, ಅದು ತಗ್ಗಿ ಹಾರಿದರೆ ಮಳೆಯ ಬಗೆಗೆ ಏನಾದರೂ ಹೇಳುತ್ತಿದ್ದಿರೇ ಎಂದು ಅವರನ್ನು ಕೇಳಿ ಬರೆದು ಕಳುಹಿಸಿರಿ. ಹೇಳಿದವರ ಊರನ್ನೂ ಬರೆಯಿರಿ. ಕಡಪದ ಹಕ್ಕಿಯನ್ನು ಊರಿನವನೊಬ್ಬನ ಅರಿವು ಹಿಡಿದುಕೊಟ್ಟದ್ದನ್ನು ಮೇಲೆ ನೋಡಿದೆವು. ಹೆಸರಿನ ಶೋಧ ಜೀವಿಯ ಶೋಧಕ್ಕಿಂತ ಅವಸರದ್ದು. ಹೆಸರನ್ನು ಬಲ್ಲವರು ಎಂಬತ್ತು ದಾಟಿದ್ದಾರೆ.

ದಾನಿಗಳಲ್ಲಿ ಕೇಳುವುದು ಸ್ವಲ್ಪ ಧೈರ್ಯದ ಮಾತು. ಶಾಲೆಗೆ ಮಹಾದ್ವಾರ, ರಂಗಮಂಟಪ, ಕಾಂಪೌಂಡು ಗೋಡೆಗಳನ್ನು ಕಟ್ಟಿಸಿಕೊಟ್ಟ ಪುಣ್ಯ ದೊಡ್ಡದು. ಆದರೆ ಈಚೆಗೆ ಊರೂರಲ್ಲಿ ಕೆರೆಯ ಜೀರ್ಣೋದ್ಧಾರವೆಂದರೆ ಸುತ್ತಲೂ ಸಿಮೆಂಟು ಹಾಕಿ, ಜೊಂಡನ್ನೆಲ್ಲ ಕಿತ್ತು, ನಡುವೆ ಕಾರಂಜಿ ಇಟ್ಟು, ದೀಪದ ಕಂಬ ನೆಡುವುದು ಎಂಬಂತಾಗಿದೆ. ಅಂಥ ಕೆರೆ ನೋಟಕ್ಕೆ ಚೆನ್ನ. ಮೊಟ್ಟೆಯಿಡಲು ಗಿಡವಿಲ್ಲ, ಮರಿ ಅಡಗಲು ಕೆಸರಿಲ್ಲ, ಮೇಲೇರಲು ಕಡ್ಡಿಯಿಲ್ಲ. ದಂಡೆ ಗಟ್ಟಿಯಾಗಬೇಕಾದ ಕಡೆ ಗಟ್ಟಿಮಾಡಿರಿ, ಮಕ್ಕಳ ಸುರಕ್ಷತೆಗೆ ಬೇಕಾದ ಬೇಲಿ ಹಾಕಿರಿ. ಆದರೆ ಒಂದು ಮಗ್ಗುಲನ್ನಾದರೂ ಇಳಿಜಾರಾದ ಮಣ್ಣಿನ ಅಂಚಾಗಿ, ಜೊಂಡು ಹುಲ್ಲುಗಳಿಗೆ ಬಿಡಿರಿ. ಆ ಅಂಚಿಗೆ ವಿಷವೂ ಕೊಳಚೆಯೂ ಹರಿಯದಂತೆ ನೋಡಿಕೊಳ್ಳುವ ಖರ್ಚನ್ನು ದಾನವೆಂದು ಎಣಿಸಿರಿ. ಕಲ್ಲಿನಲ್ಲಿ ಹೆಸರು ಕೆತ್ತಿಸುವಷ್ಟು ಕೆಲಸ ಅಲ್ಲಿರಲಾರದು. ಆದರೂ ಕೆರೆ ಕಟ್ಟಿಸಿದ ಪೂರ್ವಿಕರನ್ನು ಶಾಸನಗಳು ಹೊಗಳಿದ್ದು ಕಟ್ಟೆಯ ಕಲ್ಲಿಗಾಗಿ ಅಲ್ಲ, ನೀರಿಗಾಗಿ ಎಂಬುದನ್ನು ನೆನೆಯಬೇಕು.

ಹೀಗೆ ಮಾಡಿದರೆ ಅಳಿದುಹೋದ ಕೀಟವೊಂದು ನಮ್ಮ ಕೆರೆಯಲ್ಲಿ ಕಂಡು ಪತ್ರಿಕೆಗಳಲ್ಲಿ ಶಾಲೆಯ ಹೆಸರು ಬರುತ್ತದೆಯೆಂದು ನಾನು ಆಶ್ವಾಸನೆ ಕೊಡಲಾರೆ. ಬಾರದಿದ್ದರೂ ನಷ್ಟವಿಲ್ಲ. ಇಂದು ಈ ಕೆರೆಯ ಮೇಲೆ ಹಾರುವ ಕೆಂಪು, ನೀಲಿ, ಹಳದಿ ಕೀಟಗಳನ್ನು ನಮ್ಮ ಮಕ್ಕಳು ಹೆಸರು ಹಿಡಿದು ಬರೆದಿಟ್ಟರೆ, ಐವತ್ತು ವರ್ಷಗಳ ತರುವಾಯ ಈ ಶಾಲೆಯ ಇನ್ನೊಂದು ಸ್ಮರಣ ಸಂಪುಟಕ್ಕೆ ಬರೆಯುವವನು ‘ಒಂದು ಬಗೆಯ ಹುಳು ಇತ್ತಂತೆ’ ಎಂದು ಬರೆಯಬೇಕಾಗುವುದಿಲ್ಲ. ಯಾವುದಿತ್ತು, ಎಂದು ಇತ್ತು, ಇಂದೂ ಇದೆಯೇ ಎಂದು ಅವನು ಪುಟ ತೆರೆದು ಹೇಳಬಲ್ಲನು. ಮುಂದಿನ ಮಳೆ ಬರುವ ಮುನ್ನ ಆ ಪುಸ್ತಕದ ಮೊದಲ ಪುಟಕ್ಕೆ ಗೆರೆ ಹಾಕೋಣ.